ಸೀಗಡಿ ಹೊಂಡಕ್ಕೆ ಬ್ಲೀಚಿಂಗ್ ಪೌಡರ್ ಬಂದ ಕಥೆ

ಬ್ಲೀಚಿಂಗ್ ಪೌಡರ್ ಅಂದ್ರೆ ನಮಗೆ ಬಾವಿ, ನೀರಿನ ಟ್ಯಾಂಕ್ ನೆನಪಾಗುತ್ತೆ. 1990ರ ದಶಕದಲ್ಲಿ ಅದು ಭಾರತದ ಕರಾವಳಿಯ ಸೀಗಡಿ ಹೊಂಡಗಳಿಗೂ ಚೀಲಗಟ್ಟಲೆ ಬಂತು. ಯಾಕೆ ಬಂತು, ಬಂದು ಏನು ಮಾಡ್ತು ಅನ್ನೋದು ಇವತ್ತಿನ ಕಥೆ.

1992ರ ಸುಮಾರಿಗೆ ಚೀನಾ, ತೈವಾನ್ ಕಡೆ ಕಾಣಿಸಿಕೊಂಡ ಬಿಳಿ ಚುಕ್ಕೆ ರೋಗ 1994ರ ಹೊತ್ತಿಗೆ ನಮ್ಮ ಪೂರ್ವ ಕರಾವಳಿಗೆ ಕಾಲಿಟ್ಟಿತು. ಸೀಗಡಿ ಮೇವು ಬಿಡುತ್ತೆ, ದಂಡೆಗೆ ಬರುತ್ತೆ, ಚಿಪ್ಪಿನ ಮೇಲೆ ಬಿಳಿ ಚುಕ್ಕೆ. ಮೂರರಿಂದ ಹತ್ತು ದಿನದಲ್ಲಿ ಹೊಂಡ ಖಾಲಿ. ಆಮೇಲೆ ಪಶ್ಚಿಮಕ್ಕೂ ಬಂತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಈ ಕಡೆಯ ರೋಗದ ಬಗ್ಗೆ ಬರೆದ ಪ್ರಬಂಧ 1997ರಲ್ಲಿ ಪ್ರಕಟವಾಯಿತು.

ವೈರಸ್‌ಗೆ ಔಷಧ ಇರಲಿಲ್ಲ. ಉಳಿದದ್ದು ತೊಳೆಯೋದೊಂದೇ. ಹೊಂಡ ಒಣಗಿಸೋದು, ಕಪ್ಪು ಕೆಸರು ತೆಗೆಯೋದು, ಸುಣ್ಣ ಎರಚೋದು, ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ ಬ್ಲೀಚಿಂಗ್ ಹಾಕಿ ಕೆಲವು ದಿನ ಬಿಡೋದು. ಕೇಳೋಕೆ ಸುಲಭ. ಆದರೆ ಕೆಸರಿದ್ದರೆ ಕ್ಲೋರಿನ್‌ನ ಬಹುಪಾಲು ಆ ಕೆಸರಿಗೇ ಖರ್ಚಾಗುತ್ತೆ, ಉಳಿದದ್ದನ್ನು ಬಿಸಿಲು ತಿನ್ನುತ್ತೆ. ಸುಣ್ಣದ ಬೆನ್ನಿಗೇ ಬ್ಲೀಚಿಂಗ್ ಹಾಕಿದ್ರೋ, ಸುಣ್ಣ ನೀರಿನ ಕ್ಷಾರ ಹೆಚ್ಚಿಸಿ ಕ್ಲೋರಿನ್‌ನ ಬಲ ಕುಗ್ಗಿಸುತ್ತೆ. ಎರಡಕ್ಕೂ ದುಡ್ಡು ಕೊಟ್ಟಾಗಿರುತ್ತೆ, ಪಾಪ.

ಒಣಗಿಸೋದಾದ್ರೂ ಎಷ್ಟು ದಿನ? ಚೆನ್ನೈನ ಕೇಂದ್ರೀಯ ಉಪ್ಪುನೀರು ಮೀನುಸಾಕಣೆ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿಗೆ ಒಣಗುವ ಮಣ್ಣಲ್ಲಿ ವೈರಸ್ 19 ದಿನ ಸೋಂಕು ಹಚ್ಚಬಲ್ಲದು. ನೀರು ಪೂರ್ತಿ ಬಸಿಯದ ಹೊಂಡದಲ್ಲಿ 35 ದಿನ. ಅಂದ್ರೆ ಒಂದು ವಾರ ಒಣಗಿಸಿ ಮರಿ ಬಿಟ್ಟವರು ಹಳೇ ರೋಗದ ಮೇಲೇ ಹೊಸ ಬೆಳೆ ಇಟ್ಟಿದ್ದರು. ಕುಮಟಾ ಕಡೆಯ ಗಜನಿಯಂಥ ತಗ್ಗು ಭೂಮಿಯಲ್ಲಿ ನೀರು ಪೂರ್ತಿ ಬಸಿಯೋದೇ ಕಷ್ಟ, ಅಲ್ವಾ?

ನನಗನ್ನಿಸೋದು, ಆ ವರ್ಷಗಳಲ್ಲಿ ಬ್ಲೀಚಿಂಗ್ ಮೇಲೆ ಇಟ್ಟ ನಂಬಿಕೆ ಜಾಸ್ತಿಯಾಯ್ತು. ಹೊಂಡ ಎಷ್ಟೇ ತೊಳೆದರೂ ವೈರಸ್ ತಾಯಿ ಸೀಗಡಿಯಿಂದ ಮರಿಯೊಳಗೇ ಬರ್ತಿತ್ತು, ಏಡಿಯ ಮೈಯಲ್ಲಿ ಬರ್ತಿತ್ತು. ಅದಕ್ಕೇ ಮರಿಗೆ ಪಿಸಿಆರ್ ಪರೀಕ್ಷೆ ಬಂತು, ದಂಡೆಗೆ ಏಡಿ ಬೇಲಿ ಬಂತು. ಇಷ್ಟಾದರೂ ಪಕ್ಕದವನು ಸತ್ತ ಸೀಗಡಿಯ ನೀರನ್ನು ಅದೇ ಕಾಲುವೆಗೆ ಬಿಟ್ಟರೆ ನಿಮ್ಮ ಬ್ಲೀಚಿಂಗ್ ಏನು ಮಾಡೀತು?

ಈ ಗಂಟು ಸ್ವಲ್ಪ ಸಡಿಲಾದದ್ದು ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ. 2002ರ ಹೊತ್ತಿಗೆ ಸಾಗರೋತ್ಪನ್ನ ರಫ್ತು ಪ್ರಾಧಿಕಾರ ಮತ್ತು ಏಷ್ಯಾದ ಮೀನುಸಾಕಣೆ ಜಾಲ ಅಲ್ಲಿನ ಸಣ್ಣ ರೈತರ ಜೊತೆ ಕೆಲಸ ಶುರು ಮಾಡಿದವು. ರೈತರು ಆಕ್ವಾ ಕ್ಲಬ್ ಕಟ್ಟಿಕೊಂಡರು. ಒಟ್ಟಿಗೇ ಒಣಗಿಸು, ಪರೀಕ್ಷೆಯಾದ ಮರಿ ಒಟ್ಟಿಗೇ ಬಿಡು. ರೋಗ ಕಂಡರೆ ಮೊದಲು ನೆರೆಯವನಿಗೆ ಹೇಳು. ಹೊಂಡದ ನೀರು ಶುದ್ಧಿಯಾಗೋ ತನಕ ತೂಬು ಮುಟ್ಟಬೇಡ.