ಸತ್ಯವೇದವೂ ರೊಟ್ಟಿಯೂ

ಮೂಲಭೂತವಾದಿ ಎಂಬ ಮಾತು ಈಗ ಬೈಗುಳದ ಸಾಲಿಗೆ ಸೇರಿದೆ. ಯಾವ ಮತದವನಾದರೂ ಸರಿಯೆ, ಎದುರಾಳಿಯ ಬಾಯಿ ಮುಚ್ಚಿಸಬೇಕಾದರೆ ಇದೊಂದು ಸಾಕು. ಆದರೆ ಅದು ಹುಟ್ಟಿದ್ದು ಬಿರುದಾಗಿ. 1920ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್ ಎಂಬಾತ, ಕ್ರೈಸ್ತಮತದ ಮೂಲತತ್ತ್ವಗಳಿಗಾಗಿ ಕಾದಲು ಸಿದ್ಧರಾದವರಿಗೆ ಈ ಹೆಸರನ್ನಿಟ್ಟು, ತಾನೂ ಅದನ್ನು ಸಂತೋಷದಿಂದ ಧರಿಸಿದ. ಶಬ್ದಗಳ ಭಾಗ್ಯ ಕೆಡುವುದು ಕನ್ನಡ ಕಲಿಸುವ ನನಗೆ ಹೊಸತಲ್ಲ. ನನ್ನನ್ನು ಕಾಡಿದ್ದು ಬೇರೊಂದು ಪ್ರಶ್ನೆ. ಹಸಿದವನಿಗೆ ಅನ್ನ, ಬತ್ತಲೆಯವನಿಗೆ ಬಟ್ಟೆ ಕೊಡದವರನ್ನು ತೀರ್ಪಿನ ದಿನ ಎಡಗಡೆಗೆ ನಿಲ್ಲಿಸುವ ಅಧ್ಯಾಯವೊಂದು ಮತ್ತಾಯನ ಸುವಾರ್ತೆಯಲ್ಲಿದೆ, 25ನೆಯದು. ಅದರ ಅಕ್ಷರ ಅಕ್ಷರವನ್ನೂ ನಂಬುವ ಜನ, ಬಡವರ ಪರವಾಗಿ ಸಭೆ ದನಿಯೆತ್ತುವುದನ್ನು ಒಂದು ಕಾಲದಲ್ಲಿ ಸಂಶಯದಿಂದ ಕಂಡರಲ್ಲ, ಅದು ಹೇಗಾಯಿತು?

ಮೊದಲಿನಿಂದ ಹಾಗಿರಲಿಲ್ಲ. 1807ರಲ್ಲಿ ಬ್ರಿಟನ್ನಿನ ಗುಲಾಮರ ವ್ಯಾಪಾರಕ್ಕೆ ತಡೆ ಹಾಕಿಸಿದ ವಿಲ್ಬರ್‌ಫೋರ್ಸ್, 1865ರಲ್ಲಿ ಲಂಡನ್ನಿನ ಕೊಳೆಗೇರಿಗೆ ಇಳಿದ ವಿಲಿಯಂ ಬೂತ್, ಇಬ್ಬರೂ ಬಿಗಿಯಾದ ಸುವಾರ್ತಾನಿಷ್ಠರೇ. ದೂರವೇಕೆ, 1834ರಲ್ಲಿ ನಮ್ಮ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರನ್ನು ನೋಡಿ. ಪಾಪ, ಪಶ್ಚಾತ್ತಾಪ, ರಕ್ಷಣೆ ಎಂಬ ಮೂರು ಮಾತುಗಳಲ್ಲೇ ಬೆಳೆದ ಜನ. ಆದರೆ ತಮ್ಮ ಮತಕ್ಕೆ ಬಂದವರು ಕಸುಬು ಕಳೆದುಕೊಂಡು ಬೀದಿಗೆ ಬಿದ್ದಾಗ ಮಗ್ಗ ಹೂಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅವರ ಮತಾಂತರದ ಉತ್ಸಾಹವನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಹೊಟ್ಟೆಯನ್ನು ಮರೆತು ಆತ್ಮವನ್ನು ಉಳಿಸಲಾಗದೆಂಬುದು ಅವರಿಗೆ ತಿಳಿದಿತ್ತು.

ಅಮೆರಿಕದಲ್ಲಿ ಗಾಳಿ ತಿರುಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆ ಕಾಲದ ಮಹಾಬೋಧಕ ಡ್ವೈಟ್ ಮೂಡಿ (1837–1899) ಮೊದಲು ಷಿಕಾಗೊ ನಗರದ ಬಡವರಿಗೆ ರೊಟ್ಟಿ ಹಂಚಿದವನೇ. ಆದರೆ ಒಂದು ಕೈಯಲ್ಲಿ ಸತ್ಯವೇದ, ಇನ್ನೊಂದರಲ್ಲಿ ರೊಟ್ಟಿ ಹಿಡಿದು ಹೋದರೆ ಜನರ ಕಣ್ಣು ರೊಟ್ಟಿಯ ಮೇಲೇ ಎಂದು ಅವನು ಬೇಸತ್ತ. ಹಸಿದವನ ಕಣ್ಣು ಮತ್ತೆಲ್ಲಿಗೆ ಹೋದೀತು ಎಂದು ಕೇಳಬೇಕೆನಿಸುತ್ತದೆ! ಲೋಕವು ಒಡೆದ ಹಡಗು, ತನ್ನ ಕೆಲಸ ದೋಣಿಯಲ್ಲಿ ಹೋಗಿ ಆದಷ್ಟು ಮಂದಿಯನ್ನು ಎತ್ತುವುದು ಎಂಬುದು ಅವನ ನಿಲುವಾಯಿತು. ಕ್ರಿಸ್ತನು ಮರಳಿ ಬರುವವರೆಗೆ ಲೋಕ ಕೆಡುತ್ತಲೇ ಹೋಗುವುದೆಂಬ ನಂಬಿಕೆ ಇದರ ಬೆನ್ನಿಗಿತ್ತು. ಮುಳುಗುವ ಹಡಗಿಗೆ ಯಾರು ತೇಪೆ ಹಾಕುತ್ತಾರೆ?

ಇದೇ ಹೊತ್ತಿಗೆ, 1886ರಲ್ಲಿ, ವಾಲ್ಟರ್ ರೌಶೆನ್‌ಬುಷ್ ಎಂಬ ಇಪ್ಪತ್ತೈದರ ತರುಣ ನ್ಯೂಯಾರ್ಕಿನ ಸಣ್ಣ ಜರ್ಮನ್ ಬ್ಯಾಪ್ಟಿಸ್ಟ್ ಸಭೆಯೊಂದಕ್ಕೆ ಬೋಧಕನಾಗಿ ಬಂದ. ಆ ಕೇರಿಗೆ ಜನ ಇಟ್ಟಿದ್ದ ಹೆಸರು ‘ನರಕದ ಅಡಿಗೆಮನೆ’. ಆತ್ಮಗಳನ್ನು ರಕ್ಷಿಸಲೆಂದೇ ಬಂದವನು ಅವನು. ಮೂಡಿಯ ಸಂಗಡಿಗನಾದ ಸ್ಯಾಂಕಿಯೊಡನೆ ಸೇರಿ ಜರ್ಮನ್ ಭಾಷೆಯಲ್ಲಿ ಸುವಾರ್ತಾಗೀತೆಗಳ ಪುಸ್ತಕವನ್ನೇ ತಂದವನು. ಅವನನ್ನು ಬದಲಿಸಿದ್ದು ಯಾವ ಗ್ರಂಥವೂ ಅಲ್ಲ, ಮಕ್ಕಳ ಶವಸಂಸ್ಕಾರಗಳು. ಗಾಳಿ ಬೆಳಕಿಲ್ಲದ ಬಾಡಿಗೆಕೋಣೆಗಳಿಂದ ಒಂದರ ಹಿಂದೆ ಒಂದು ಪುಟ್ಟ ಪೆಟ್ಟಿಗೆ ಹೊರಬರುತ್ತಿದ್ದಾಗ, ಇದು ದೇವರ ಚಿತ್ತವೋ ಮನೆಯ ಒಡೆಯನ ಲೋಭವೋ ಎಂದು ಕೇಳದಿರಲು ಅವನಿಂದಾಗಲಿಲ್ಲ. ಕಾಯಿಲೆಯ ಹಾಸಿಗೆಯಿಂದೆದ್ದು ರೋಗಿಗಳನ್ನು ನೋಡಲು ಹೋದದ್ದಕ್ಕೆ ತೆತ್ತ ಬೆಲೆ, ಅವನ ಕಿವಿ. ಕಿವಿ ಕೇಳದ ಆ ಮನುಷ್ಯ 1907ರಲ್ಲಿ ಪ್ರಕಟಿಸಿದ ‘ಕ್ರೈಸ್ತಧರ್ಮ ಮತ್ತು ಸಾಮಾಜಿಕ ಬಿಕ್ಕಟ್ಟು’ ಎಂಬ ಗ್ರಂಥ, ಪಾಪವು ವ್ಯಕ್ತಿಯಲ್ಲಿ ಮಾತ್ರವಲ್ಲ, ಕೂಲಿಯ ದರದಲ್ಲಿಯೂ ಮನೆಯ ಬಾಡಿಗೆಯಲ್ಲಿಯೂ ಇದೆ ಎಂದು ವಾದಿಸಿತು. ಮರುವರ್ಷವೇ ಅಲ್ಲಿನ ಪ್ರಾಟೆಸ್ಟೆಂಟ್ ಸಭೆಗಳ ಒಕ್ಕೂಟ, ಬಾಲಕಾರ್ಮಿಕರನ್ನು ಬಿಡಿಸಬೇಕು, ಬದುಕಲು ಸಾಕಾಗುವಷ್ಟು ಕೂಲಿ ಕೊಡಬೇಕು, ಏಳು ದಿನಕ್ಕೊಂದು ದಿನ ಬಿಡುವಿರಬೇಕು ಎಂಬ ಘೋಷಣೆ ಹೊರಡಿಸಿತು.

ಇದಕ್ಕೆ ಎದುರಾಗಿ ನಿಂತದ್ದು ಎಣ್ಣೆಯ ಹಣ. ಯೂನಿಯನ್ ಆಯಿಲ್ ಕಂಪೆನಿಯ ಲೈಮನ್ ಸ್ಟುವರ್ಟ್ ತನ್ನ ಸೋದರನೊಡನೆ ಸೇರಿ 1910ರಿಂದ 1915ರವರೆಗೆ ‘ಮೂಲತತ್ತ್ವಗಳು’ ಎಂಬ 12 ಸಂಪುಟಗಳನ್ನು ಅಚ್ಚುಹಾಕಿಸಿ, ಸುಮಾರು 30 ಲಕ್ಷ ಪ್ರತಿಗಳನ್ನು ಬೋಧಕರಿಗೂ ಮಿಷನರಿಗಳಿಗೂ ಬಿಟ್ಟಿಯಾಗಿ ಹಂಚಿಸಿದ. ಅದರಲ್ಲಿನ 90 ಲೇಖನಗಳ ಮುಖ್ಯ ಹೋರಾಟ ಬೈಬಲ್ ವಿಮರ್ಶಕರೊಡನೆ. ಇಲ್ಲಿ ಸ್ಟುವರ್ಟನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಲಾಸ್ ಏಂಜಲೀಸಿನಲ್ಲಿ ನಿರ್ಗತಿಕರಿಗಾಗಿ 1891ರಲ್ಲಿ ಆಶ್ರಯ ಕಟ್ಟಿಸಿದವನೂ ಅವನೇ. ಇನ್ನೂ ಸ್ವಾರಸ್ಯವೆಂದರೆ, ಅದೇ ಸಂಪುಟಗಳಲ್ಲಿ ಚಾರ್ಲ್ಸ್ ಅರ್ಡ್‌ಮನ್ ಎಂಬ ಪಂಡಿತ, ರೈಲ್ವೆ ಷೇರುಗಳಲ್ಲಿ ಮೋಸ ಮಾಡಿ, ಬಡವರನ್ನು ಅರೆದು ಹಣ ಗಳಿಸಿ, ಸಂಪ್ರದಾಯದ ಉಪದೇಶ ಕೇಳುತ್ತ ಹಾಯಾಗಿ ಕೂಡುವ ಸಿರಿವಂತರನ್ನು ಚೆನ್ನಾಗಿಯೇ ಝಾಡಿಸಿದ್ದಾನೆ. ಜಗಳವಿದ್ದದ್ದು ಅನ್ನ ಹಾಕಬೇಕೇ ಬೇಡವೇ ಎಂಬುದರಲ್ಲಲ್ಲ. ಅನ್ನವಿಲ್ಲದಂತೆ ಮಾಡಿದ ಏರ್ಪಾಟನ್ನು ಕುರಿತು ಸಭೆ ಬಾಯಿಬಿಡಬಹುದೇ ಎಂಬುದರಲ್ಲಿ. ಅನ್ನ ಹಾಕುವುದು ಪುಣ್ಯ, ಕೂಲಿ ಕೇಳುವುದು ರಾಜಕೀಯ ಎಂಬ ವಿಂಗಡಣೆ ನಮ್ಮ ಮಠಮಾನ್ಯಗಳಿಗೂ ಅಪರಿಚಿತವೇನಲ್ಲ.

ಈ ವಿಂಗಡಣೆಗೆ ಜಗ್ಗದ ಒಬ್ಬ ಮೂಲಭೂತವಾದಿಯೂ ಇದ್ದ: ವಿಲಿಯಂ ಜೆನಿಂಗ್ಸ್ ಬ್ರಯನ್. 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ, ವಿಕಾಸವಾದ ಕಲಿಸಿದ ಸ್ಕೋಪ್ಸ್ ಎಂಬ ಉಪಾಧ್ಯಾಯನ ವಿರುದ್ಧ ವಾದಿಸಿ ನಗೆಪಾಟಲಾದವನೆಂದೇ ಅವನನ್ನು ಓದುಗರು ಬಲ್ಲರು. ಆದರೆ ಜೀವನವಿಡೀ ರೈತರ, ಕೂಲಿಗಾರರ, ಹೆಂಗಸರ ಮತದಾನದ ಪರವಾಗಿ ದುಡಿದವನು ಅವನು. ಬಲಿಷ್ಠನೇ ಬದುಕಬೇಕೆಂಬ ಪಾಠ ದುರ್ಬಲರ ಕೊರಳಿಗೆ ಉರುಳಾದೀತೆಂಬುದು ಅವನ ಭಯ. ವಿಜ್ಞಾನದಲ್ಲಿ ಅವನು ತಪ್ಪಿದ, ನಿಜ. ಆದರೆ ಆ ಶಾಲೆಯ ಪಠ್ಯಪುಸ್ತಕದಲ್ಲಿ ‘ಕೀಳು’ ಮನೆತನಗಳ ಸಂತಾನವನ್ನು ತಡೆಯಬೇಕೆಂಬ ಬೋಧೆಯೂ ಇತ್ತೆಂಬುದನ್ನು ನಕ್ಕವರು ಮರೆತರು. ವಿಚಾರಣೆ ಮುಗಿದ ಐದೇ ದಿನಕ್ಕೆ ಅವನು ತೀರಿಕೊಂಡ. ಆ ಬಳಿಕ ಆ ಬಳಗದಲ್ಲಿ ಬಡವರ ರಾಜಕೀಯ ಮಾತನಾಡಲು ಅಷ್ಟು ದೊಡ್ಡ ದನಿ ಉಳಿಯಲಿಲ್ಲ.

1947ರಲ್ಲಿ ಕಾರ್ಲ್ ಹೆನ್ರಿ ಎಂಬ ತರುಣ ದೇವಶಾಸ್ತ್ರಜ್ಞ ತನ್ನವರ ‘ನೆಮ್ಮದಿಗೆಟ್ಟ ಅಂತಃಕರಣ’ವನ್ನು ಕುರಿತು ಒಂದು ಕಿರುಹೊತ್ತಗೆ ಬರೆದ. ನೂರಕ್ಕೂ ಮಿಕ್ಕಿದ ಬೋಧಕರಿದ್ದ ಸಭೆಯಲ್ಲಿ ಆತ ಕೇಳಿದನಂತೆ: ಯುದ್ಧ, ವರ್ಣದ್ವೇಷ, ಕಾರ್ಮಿಕರ ಶೋಷಣೆ, ಇವನ್ನು ಖಂಡಿಸಿ ಕಳೆದ ಆರು ತಿಂಗಳಲ್ಲಿ ಒಂದು ಉಪದೇಶವನ್ನಾದರೂ ಮಾಡಿದವರೆಷ್ಟು ಮಂದಿ? ಒಂದು ಕೈಯೂ ಮೇಲೇಳಲಿಲ್ಲ.

ಕೈ ಏಳಲು ಇನ್ನೂ 27 ವರ್ಷ ಬೇಕಾಯಿತು. 1974ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಸುಮಾರು 150 ದೇಶಗಳ ಸುವಾರ್ತಾನಿಷ್ಠರು ಕೂಡಿದಾಗ, ರೆನೆ ಪಡೀಯ, ಸಾಮುಯೆಲ್ ಎಸ್ಕೊಬಾರ್ ಎಂಬ ಲ್ಯಾಟಿನ್ ಅಮೆರಿಕದ ಇಬ್ಬರು ಶ್ರೀಮಂತ ಸಭೆಗಳ ಮುಖಕ್ಕೇ ಹೇಳಿದರು: ಬಡವನಿಗೆ ಒಪ್ಪಿಸುವ ಸುವಾರ್ತೆಯಲ್ಲಿ ಅವನ ಬಡತನದ ಮಾತು ಇರಲೇಬೇಕು. ಆ ಸಮ್ಮೇಳನದ ಒಡಂಬಡಿಕೆಯ ಐದನೆಯ ಕಲಮು ಸಾಮಾಜಿಕ ಹೊಣೆಯನ್ನು ಅಲಕ್ಷಿಸಿದ್ದಕ್ಕಾಗಿ ಪಶ್ಚಾತ್ತಾಪಪಡುತ್ತದೆ. ಆರನೆಯ ಕಲಮು, ಸಭೆಯ ಸೇವೆಯಲ್ಲಿ ಮೊದಲ ಸ್ಥಾನ ಸುವಾರ್ತೆ ಸಾರುವುದಕ್ಕೇ ಎನ್ನುತ್ತದೆ.