ಕಲ್ಲುಬಾನಿ ಕಪ್ಪೆ

ಬೆಂಗಳೂರಲ್ಲಿರೋ ನನ್ನ ಮಗಳ ಮಗ ಮೊನ್ನೆ ಫೋನು ಮಾಡಿ, "ಅಜ್ಜೀ, ಅಂಗಡೀಲಿ ಆಫ್ರಿಕಾದ ದಪ್ಪ ಕಪ್ಪೆ ಮಾರ್ತಾರಂತೆ. ತಂದ್ರೆ ಅದಕ್ಕೆ ಏನಿಕ್ಬೇಕು?" ಅಂದ. ನಗು ಬಂತು. ಕಪ್ಪೆ ಸಾಕೋ ವಿದ್ಯೆ ನಮ್ಮ ಮನೇಲಿ ಇತ್ತು ಅಂತ ಅವನಿಗೇನು ಗೊತ್ತು!

ಮಧುಗಿರಿ ತಾಲ್ಲೂಕಿನ ನನ್ನ ತವರಲ್ಲಿ ಬಾವಿ ಪಕ್ಕ ದನಕ್ಕೆ ನೀರು ಕುಡಿಸೋ ಕಲ್ಲುಬಾನಿ ಇತ್ತು. ತುಂಬಿ ಚೆಲ್ಲಿದ ನೀರಿಗೆ ಅದರ ಬುಡ ಸದಾ ಕೆಸರು. ಆ ಕೆಸರಲ್ಲೊಂದು ಗೋಂಕರುಗಪ್ಪೆ. ನನ್ನ ತಾತನ ಅಂಗೈಗೆ ಹಿಡಿಸ್ತಿರಲಿಲ್ಲ, ಅಷ್ಟು ದಪ್ಪ. ಬೆನ್ನ ನಡುವೆ ಒಂದು ತಿಳಿ ಗೆರೆ. ಮುಂಗಾರಿನ ಮೊದಲ ಜೋರು ಮಳೆ ಹುಯ್ದರೆ ಸಾಕು, ಮೈಯೆಲ್ಲ ನಿಂಬೆಹಣ್ಣಿನಂಗೆ ಹಳದಿ ಆಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸ್ಕೊಂಡು ಕೂಗೋದು. ಗಂಡು ಕಪ್ಪೆಗೆ ಮಾತ್ರ ಈ ಶೋಕಿ.

ನಾವು ಹುಡುಗ್ರು ಮೊದಮೊದಲು ಅದರ ಮುಂದೆ ಮುದ್ದೆ ಚೂರು ಇಟ್ವು, ಅನ್ನ ಇಟ್ವು. ಕಣ್ಣೆತ್ತಿ ನೋಡ್ಲಿಲ್ಲ. "ಅಲ್ಲಾಡದೇ ಇರೋದು ಅದಕ್ಕೆ ಊಟ ಅಲ್ಲ ಕಣವ್ವ" ಅಂದ ತಾತ. ಎರೆಹುಳ ಬಿಟ್ಟು ನೋಡಿದ್ವು. ಗಪ್ ಅಂತ ನುಂಗ್ತು. ನುಂಗುವಾಗ ಅದರ ಕಣ್ಣು ಒಳಕ್ಕೆ ಇಳಿದು ಆಹಾರಾನ ಗಂಟಲಿಗೆ ತಳ್ಳೋದು ನೋಡೋಕೇ ಚೆಂದ. ಮಳೆ ನಿಂತ ರಾತ್ರಿ ತಾತ ಬಾನಿ ಮೇಲೆ ಲಾಟೀನು ಕಟ್ಟೋನು. ರೆಕ್ಕೆ ಗೆದ್ದಲು ಬೆಳಕಿಗೆ ಮುತ್ತಿ ಉದುರೋವು, ಅವತ್ತು ಅದಕ್ಕೆ ಹಬ್ಬ. ಬಣವೆ ಕಿತ್ತಾಗ ಸಿಗೋ ಕೆಂಪು ಇಲಿಮರೀನೂ ಬಿಡ್ತಿರಲಿಲ್ಲ. ಒಂದ್ಸಲ ಜೊತೆಗಿರಲಿ ಅಂತ ಚಿಕ್ಕ ಕಪ್ಪೆ ತಂದು ಬಿಟ್ಟೆ. ಬೆಳಗ್ಗೆ ನೋಡಿದ್ರೆ ಒಂದೇ ಇತ್ತು!

ದಿನಾ ಇಕ್ಕೋದೂ ಬೇಕಿರಲಿಲ್ಲ. ಬೇಕಾಗಿದ್ದು ನೀರು. ಕಪ್ಪೆ ಬಾಯಲ್ಲಿ ನೀರು ಕುಡಿಯೋದಿಲ್ಲ, ಚರ್ಮದಲ್ಲೇ ಹೀರುತ್ತೆ. ಅದಕ್ಕೇ ತಾತ ಹೊಗೆಸೊಪ್ಪಿನ ಕೈಯಲ್ಲಿ ಅದನ್ನ ಮುಟ್ತಿರಲಿಲ್ಲ, ಬಾನಿ ಹತ್ರ ಸೋಪು ಹಚ್ಚಿ ಬಟ್ಟೆ ಒಗೆಯೋಕೂ ಯಾರನ್ನೂ ಬಿಡ್ತಿರಲಿಲ್ಲ. ಬೇಸಿಗೆ ಬಂದ್ರೆ ಮಣ್ಣೊಳಕ್ಕೆ ಇಳಿದು ಮಲಗೋದು. ಅಗೀಬೇಡ್ರಿ, ಮಳೆ ಬಂದ್ರೆ ಅದೇ ಬತ್ತದೆ ಅನ್ನೋನು.

ಆಮೇಲೆ ನನ್ನ ಪಾವಗಡ ಕಡೆ ಕೊಟ್ಟರು. ಬರದಲ್ಲಿ ನಮ್ಮ ಮಧುಗಿರಿ, ಸಿರಾ ಕಡೆ ಹುಡುಗ್ರು ಮಣ್ಣಿನ ಮಳೆರಾಯನ್ನ ತಲೆ ಮೇಲೆ ಹೊತ್ತು ಮನೆಮನೆ ಮುಂದೆ ನೀರು ಹುಯ್ಸಿಕೊಂತಿದ್ವು. ಪಾವಗಡದ ಸುತ್ತ ಬಹುಪಾಲು ಆಂಧ್ರ. ಅಲ್ಲಿ ಕಪ್ಪತಲ್ಲಿ. ಬೇವಿನಸೊಪ್ಪಿನ ಜೊತೆ ಜೀವಂತ ಕಪ್ಪೇನ ಒನಕೆಗೆ ಕಟ್ಟಿ, ಇಬ್ಬರು ಹೊತ್ತು ಊರಾಡೋದು. ಮನೆಯವರು ಅದರ ಮೇಲೆ ನೀರು ಹುಯ್ಯೋದು.

1985–86ರ ಬರದಲ್ಲಿ ನಮ್ಮ ಊರ ಬಾವಿ ತಳ ಕಂಡಿತ್ತು. ಕಪ್ಪೇನೇ ಸಿಗಲಿಲ್ಲ. ಎಲ್ಲಿ ಮಲಗಿರುತ್ತೆ ಅಂತ ಗೊತ್ತಿದ್ದವಳು ನಾನೊಬ್ಬಳೇ. ಹೊಸ ಸೊಸೆ, ಅತ್ತೆ ಕೇಳಿದ್ರು, ಕೆರೆ ಅಂಗಳದ ಜಾಗ ತೋರಿಸ್ದೆ. ಮೊಳದಷ್ಟು ಅಗೆದ ಮೇಲೆ ಸಿಕ್ತು. ಮೊದಲ ಕೇರಿಯಲ್ಲಿ ಚೆಂಬು ಚೆಂಬು ನೀರು ಹುಯ್ದರು, ಕಾಲಾಡಿಸ್ತಿತ್ತು. ನಾನೂ ಹುಯ್ದೆ. ಕೊನೇ ಕೇರಿಗೆ ಹೋಗೋ ಹೊತ್ತಿಗೆ ಸುಡು ಬಿಸಿಲು. ಅಲ್ಲಿ ಅರ್ಧ ಬಿಂದಿಗೆ ನೀರಿಗೆ ಆರು ಜನ ಕಾಯ್ತಿದ್ರು. ಒಬ್ಬಾಕೆ ಅಂಗೈಯಲ್ಲಿ ಒಂದಿಷ್ಟು ಚಿಮುಕಿಸಿದ್ಲು. ಅಷ್ಟೇ ಅವಳ ಕೈಲಾಗಿದ್ದು, ಅವಳನ್ನ ಅನ್ನೋದೇನೂ ಇಲ್ಲ. ಸಂಜೆ ಕಟ್ಟು ಬಿಚ್ಚಿ ಕೆರೆ ಮಣ್ಣಿಗೆ ಬಿಟ್ರಂತೆ. ಬದುಕಿತ್ತೋ ಇಲ್ವೋ ನಾನು ಕೇಳಲಿಲ್ಲ. ಜಾಗ ತೋರಿಸಿದ್ದು ಇವತ್ತಿಗೂ ಚುಚ್ಚತದೆ.

ಅದೇ ಕಾಲಕ್ಕೆ ಕೇರಳ, ಬಂಗಾಳದ ಕಡೆಯಿಂದ ಇದೇ ಕಪ್ಪೆಯ ಹಿಂಗಾಲು ಯುರೋಪು, ಅಮೆರಿಕಕ್ಕೆ ಹಡಗಲ್ಲಿ ಹೋಯ್ತಿತ್ತು ಅಂತ ಎಷ್ಟೋ ವರ್ಷದ ಮೇಲೆ ಓದಿದೆ. 1981ರಲ್ಲಿ ಸುಮಾರು 4,000 ಟನ್ ಅಂತೆ! ಗದ್ದೆ ಹುಳ ತಿನ್ನೋ ಕಪ್ಪೆ ಖಾಲಿ ಆಗ್ತಾ ಬಂದ ಮೇಲೆ, 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸ್ತು. ನಮ್ಮ ಸೀಮೇಲಿ ಮಾತ್ರ ಅದರ ಜಾಗ ಕಿತ್ತುಕೊಂಡಿದ್ದು ಬೋರ್‌ವೆಲ್ಲು. ತೆರೆದ ಬಾವಿ ಬತ್ತಿತು, ದನಕ್ಕೆ ಸಿಮೆಂಟು ತೊಟ್ಟಿ ಬಂತು, ಕೆಸರು ಎಲ್ಲಿಂದ ಬರಬೇಕು?

ಹುಡುಗನಿಗೆ ಇಷ್ಟನ್ನೂ ಹೇಳ್ದೆ. ನಮ್ಮ ಗೋಂಕರುಗಪ್ಪೇನ ಹಿಡಿದು ಸಾಕೋ ಹಂಗಿಲ್ಲ, ವನ್ಯಜೀವಿ ಕಾಯ್ದೆ ಐತೆ. ಅಂಗಡಿ ಕಪ್ಪೆ ತಂದು, ಬೇಜಾರಾದ ಮೇಲೆ ಯಾವುದೋ ಕೆರೆಗೆ ಬಿಟ್ಟೀಯ, ನಮ್ಮ ಮರಿಗಪ್ಪೇನೆಲ್ಲ ಅದು ತಿಂದು ಹಾಕ್ತದೆ ಅಂತಾನೂ ಹೇಳ್ದೆ. "ಹಂಗಾದ್ರೆ ನೋಡೋದೆಲ್ಲಿ?" ಅಂದ.

2022ರಲ್ಲಿ ಜಯಮಂಗಲಿ ಉಕ್ಕಿ ಹರಿದ ವರ್ಷ ನಾನು ತವರಲ್ಲಿದ್ದೆ. ರಾತ್ರಿ ತೋಟದ ಕಡೆಯಿಂದ ಆ ದಪ್ಪ ದನಿ ಕೇಳಿ ಎದ್ದು ಕೂತಿದ್ದೆ. ಮುಂಗಾರಿಗೆ ಬಾರೋ ಅಂದಿದ್ದೀನಿ. ಕಲ್ಲುಬಾನಿ ಇನ್ನೂ ಅಲ್ಲೇ ಐತೆ. ಲಾಟೀನಿಗೆ ಬತ್ತಿ ತರಬೇಕು.