ಗುಳಿಗೆಯೂ ಅರ್ಬುದವೂ

ಔಷಧವೆಂಬುದು ರೋಗಿಗೆ ಕೊಡತಕ್ಕ ವಸ್ತು. ಜ್ವರ ಬಂದವನು ಕಷಾಯ ಕುಡಿಯುತ್ತಾನೆ. ಜ್ವರ ಬಿಟ್ಟ ಮೇಲೆ ಬಟ್ಟಲನ್ನು ತೊಳೆದಿಡುತ್ತಾನೆ. ಆದರೆ ಯಾವ ರೋಗವೂ ಇಲ್ಲದ ಕೋಟ್ಯಂತರ ಸ್ತ್ರೀಯರು ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗುವ ಔಷಧವೊಂದುಂಟು. ಅದೇ ಸಂತಾನ ನಿರೋಧದ ಗುಳಿಗೆ. ರೋಗಿಯಾದವನು ಗುಣದ ಆಸೆಯಿಂದ ಸ್ವಲ್ಪ ಕೇಡನ್ನು ಸಹಿಸಿಯಾನು. ಆರೋಗ್ಯವಂತಳು ಅದನ್ನೇಕೆ ಸಹಿಸಬೇಕು? ಆದುದರಿಂದಲೇ ಗುಳಿಗೆ ಹುಟ್ಟಿದಂದಿನಿಂದ ಒಂದು ಪ್ರಶ್ನೆ ಅದರ ಬೆನ್ನು ಹತ್ತಿ ಬಂದಿದೆ. ಇದರಿಂದ ಅರ್ಬುದ ರೋಗ, ಎಂದರೆ ಕ್ಯಾನ್ಸರ್, ಬರುವುದೇ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಂತಾನ ಮಿತಿಯ ವಿಚಾರ ನಮಗೆ ಹೊಸದೇನೂ ಅಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರಕಾರವೊಂದು ಈ ಕಾರ್ಯಕ್ಕೆ ಕೈಹಾಕಿದ್ದು ಲೋಕದಲ್ಲಿ ಅದೇ ಮೊದಲೆಂದು ಹೇಳುವುದುಂಟು. ಆದರೆ ಅಂದು ಗುಳಿಗೆ ಇರಲಿಲ್ಲ. ಅದು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ಶಾಸ್ತ್ರಜ್ಞನು ಮೆಕ್ಸಿಕೊ ದೇಶದ ಕಾಡುಗೆಣಸಿನಿಂದ ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ಕಂಡುಹಿಡಿದನು. 1951ರಲ್ಲಿ ಅದೇ ದೇಶದಲ್ಲಿ ಕಾರ್ಲ್ ಜೆರಾಸಿ ಮತ್ತು ಸಂಗಡಿಗರು, ಬಾಯಿಂದ ನುಂಗಿದರೂ ಗುಣ ಕೆಡದ, ಅದರಂತೆಯೇ ಕೆಲಸ ಮಾಡುವ ವಸ್ತುವನ್ನು ಸಿದ್ಧಪಡಿಸಿದರು. ಇಂಥ ವಸ್ತುಗಳಿಂದ ಗರ್ಭಧಾರಣೆಯನ್ನು ತಡೆಯಬಹುದೆಂದು ತೋರಿಸಿದವರು ವಿಜ್ಞಾನಿ ಗ್ರೆಗರಿ ಪಿಂಕಸ್ ಮತ್ತು ವೈದ್ಯ ಜಾನ್ ರಾಕ್. ಅವರನ್ನು ಹುರಿದುಂಬಿಸಿದವಳು ಮಾರ್ಗರೆಟ್ ಸ್ಯಾಂಗರ್. ಹಣ ಒದಗಿಸಿದವಳು ಕ್ಯಾಥರೀನ್ ಮೆಕಾರ್ಮಿಕ್.

1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರಿಗೆ ಈ ಗುಳಿಗೆಯನ್ನು ಹಂಚಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಔಷಧವು ಇನ್ನೂ ಪರೀಕ್ಷೆಯ ಹಂತದಲ್ಲಿದೆಯೆಂಬುದನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಅಲ್ಲಿ ಉಸ್ತುವಾರಿ ವಹಿಸಿದ್ದ ವೈದ್ಯೆ ಈಡ್ರಿಸ್ ರೈಸ್-ರೇ ಎಂಬಾಕೆ, ನೂರರಲ್ಲಿ ಹದಿನೇಳು ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು ಮೊದಲಾದ ತೊಂದರೆಗಳುಂಟೆಂದು ವರದಿ ಮಾಡಿದಳು. ಮೇಲಿನವರು ಅದನ್ನು ಲಘುವಾಗಿ ಕಂಡರು. 1960ರಲ್ಲಿ ಅಮೆರಿಕದ ಸರಕಾರ ಗುಳಿಗೆಗೆ ಒಪ್ಪಿಗೆಯಿತ್ತಿತು. ಕ್ಯಾನ್ಸರಾದರೋ ಹತ್ತಿಪ್ಪತ್ತು ವರ್ಷ ಒಳಗೇ ಅಡಗಿದ್ದು ತಲೆಯೆತ್ತುವ ರೋಗ; ನಾಲ್ಕು ವರ್ಷದ ಪರೀಕ್ಷೆಯಲ್ಲಿ ಅದರ ಸುಳಿವು ಸಿಗುವುದೆಂತು?

ಶಂಕೆ ಬೆಳೆಯಿತು. 1970ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ಗುಳಿಗೆಯ ಸಾಧಕ ಬಾಧಕಗಳ ವಿಚಾರಣೆ ನಡೆಯಿತು. ವೈದ್ಯರು ಬಂದರು, ಪಂಡಿತರು ಬಂದರು. ಆದರೆ ಗುಳಿಗೆಯನ್ನು ನುಂಗುತ್ತಿದ್ದ ಹೆಂಗಸರನ್ನು ಸಾಕ್ಷಿಗೆ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿದ್ದ ತರುಣಿಯರು ಎದ್ದು ನಿಂತು, ನಮ್ಮ ದೇಹದ ಮಾತು ನಮಗೇ ತಿಳಿಯಬೇಡವೇ ಎಂದು ಆಕ್ಷೇಪಿಸಿದರು. ಆ ವರ್ಷವೇ ಗುಳಿಗೆಯ ಪೊಟ್ಟಣದೊಳಗೆ ಅಪಾಯಗಳನ್ನು ತಿಳಿಸುವ ಚೀಟಿಯನ್ನು ಇಡಬೇಕೆಂಬ ಕಟ್ಟಳೆಯಾಯಿತು.

ಗದ್ದಲವೆಬ್ಬಿಸಿ ತಿಳಿಯುವ ಕೆಲಸ ಒಂದು. ಸದ್ದಿಲ್ಲದೆ ಎಣಿಸಿ ತಿಳಿಯುವ ಕೆಲಸ ಇನ್ನೊಂದು. ಎರಡನೆಯದು 1968ರಲ್ಲಿಯೇ ಬ್ರಿಟನ್ನಿನಲ್ಲಿ ಮೊದಲಾಗಿತ್ತು. ಅಲ್ಲಿನ ಸುಮಾರು 1,400 ಮಂದಿ ಸಾಮಾನ್ಯ ವೈದ್ಯರು ಗುಳಿಗೆ ನುಂಗುವ 23,000 ಸ್ತ್ರೀಯರನ್ನೂ ನುಂಗದ 23,000 ಸ್ತ್ರೀಯರನ್ನೂ ಆರಿಸಿಕೊಂಡು, ಯಾರಿಗೆ ಯಾವ ರೋಗ ಬಂದಿತೆಂದು ಬರೆದಿಡತೊಡಗಿದರು. ಆ ಲೆಕ್ಕ 44 ವರ್ಷಗಳವರೆಗೆ ಸಾಗಿತು. ಬೇರೆ ಬೇರೆ ದೇಶಗಳಲ್ಲಿಯೂ ಇಂಥ ಕೆಲಸ ನಡೆಯಿತು. ಅವೆಲ್ಲವನ್ನೂ ಕೂಡಿಸಿ ನೋಡಿದಾಗ ದೊರೆತ ಉತ್ತರ, ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಅದು ಅಂಗಡಿಯ ಪುಸ್ತಕದಂತೆ ಜಮಾ, ಖರ್ಚು ಎರಡೂ ಉಳ್ಳ ಲೆಕ್ಕ.

ಮೊದಲು ಖರ್ಚನ್ನು ನೋಡೋಣ. 1996ರಲ್ಲಿ 25 ದೇಶಗಳ 54 ಅಧ್ಯಯನಗಳನ್ನು, ಸ್ತನದ ಕ್ಯಾನ್ಸರ್ ಬಂದ 53,297 ಸ್ತ್ರೀಯರ ವಿವರಗಳೊಡನೆ, ಒಟ್ಟಿಗೆ ಪರಿಶೀಲಿಸಿದರು. ಗುಳಿಗೆ ನುಂಗುತ್ತಿರುವವರಲ್ಲಿ ಸ್ತನದ ಕ್ಯಾನ್ಸರಿನ ಸಂಭವ ಶೇಕಡ 24ರಷ್ಟು ಹೆಚ್ಚು. ಬಿಟ್ಟು ಹತ್ತು ವರ್ಷವಾದ ಮೇಲೆ ಆ ಹೆಚ್ಚಳ ಉಳಿಯುವುದಿಲ್ಲ. ಶೇಕಡ 24 ಎಂದರೆ ಎದೆ ಝಲ್ಲೆನ್ನಬಹುದು. ಆದರೆ ತರುಣಿಯರಲ್ಲಿ ಈ ರೋಗವೇ ವಿರಳ. 25ರಿಂದ 29 ವಯಸ್ಸಿನವರೆಗೆ ಗುಳಿಗೆ ನುಂಗಿದ 10,000 ಸ್ತ್ರೀಯರನ್ನು, ಅವರು ಅದನ್ನು ಬಿಟ್ಟು ಹತ್ತು ವರ್ಷ ಕಳೆಯುವವರೆಗೆ ಎಣಿಸಿದರೆ, ಹೆಚ್ಚಾಗಿ ಕಾಣುವವರು ಸುಮಾರು ಐದು ಮಂದಿ. ಈಗಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಬಹಳ ಕಡಿಮೆ. ಮೊದಲ ಗುಳಿಗೆಯಲ್ಲಿ 150 ಮೈಕ್ರೊಗ್ರಾಮ್ ಈಸ್ಟ್ರೊಜನ್ ಇದ್ದರೆ ಇಂದು 20ರಿಂದ 35 ಮಾತ್ರ. ಆದರೂ ಅಪಾಯ ಪೂರ್ತಿ ಅಳಿದಿಲ್ಲ. 18 ಲಕ್ಷ ಸ್ತ್ರೀಯರನ್ನು ಕುರಿತು 2017ರಲ್ಲಿ ಪ್ರಕಟವಾದ ಡೆನ್ಮಾರ್ಕ್ ದೇಶದ ಅಧ್ಯಯನದಲ್ಲಿ, ಹಾರ್ಮೋನು ಬಳಸುವ 7,690 ಮಂದಿಗೆ ವರ್ಷಕ್ಕೊಂದರಂತೆ ಹೆಚ್ಚಿನ ಸ್ತನದ ಕ್ಯಾನ್ಸರ್ ಕಂಡುಬಂದಿತು. ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಮೂಲ ಒಂದು ವೈರಾಣು; ಆದರೂ ಐದು ವರ್ಷಕ್ಕೆ ಮೀರಿ ಗುಳಿಗೆ ನುಂಗುತ್ತಿರುವವರಲ್ಲಿ ಅದರ ಸಂಭವ ಸುಮಾರು ಇಮ್ಮಡಿ. ಬಿಟ್ಟ ಮೇಲೆ ಇದೂ ಕ್ರಮೇಣ ಇಳಿಯುತ್ತದೆ.

ಇನ್ನು ಜಮಾ. ಗುಳಿಗೆಯು ಅಂಡಾಶಯಕ್ಕೆ ವಿಶ್ರಾಂತಿ ಕೊಡುತ್ತದೆ. ತಿಂಗಳು ತಿಂಗಳೂ ಅಂಡ ಹೊರಬೀಳುವಾಗ ಆಗುವ ಗಾಯ ತಪ್ಪುತ್ತದೆ. 2008ರಲ್ಲಿ 45 ಅಧ್ಯಯನಗಳನ್ನು ಕೂಡಿಸಿದಾಗ, ಪ್ರತಿ ಐದು ವರ್ಷದ ಬಳಕೆಗೆ ಅಂಡಾಶಯದ ಕ್ಯಾನ್ಸರ್ ಐದರಲ್ಲೊಂದು ಪಾಲಿನಷ್ಟು ತಗ್ಗುವುದು ಕಂಡಿತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಐದು ವರ್ಷಕ್ಕೆ ಕಾಲು ಭಾಗದಷ್ಟು ತಗ್ಗುವುದೆಂದು 2015ರ ಲೆಕ್ಕ ತಿಳಿಸಿತು. ಈ ರಕ್ಷಣೆ ಗುಳಿಗೆ ಬಿಟ್ಟ ಮೂವತ್ತು ವರ್ಷಗಳ ಮೇಲೂ ಉಳಿಯುತ್ತದೆ. ಅಪಾಯ ಕೆಲವು ವರ್ಷದ್ದು, ರಕ್ಷಣೆ ಬಹುಕಾಲದ್ದು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಬ್ರಿಟನ್ನಿನ ಆ ದೀರ್ಘ ಲೆಕ್ಕದ ಕೊನೆಯಲ್ಲಿ, ಎಲ್ಲ ಕ್ಯಾನ್ಸರುಗಳನ್ನೂ ಸೇರಿಸಿ ನೋಡಿದರೆ ಗುಳಿಗೆ ನುಂಗಿದವರಿಗೆ ನಷ್ಟವೇನೂ ಕಾಣಲಿಲ್ಲ.

2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಗುಳಿಗೆಯನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿರಿಸಿತು. ಸ್ತನ, ಗರ್ಭಕೋಶದ ಕೊರಳು ಮತ್ತು ಯಕೃತ್ತುಗಳ ಹೆಸರು ಹೇಳಿತು. ಅಂಡಾಶಯ ಮತ್ತು ಗರ್ಭಕೋಶದ ಒಳಪದರಗಳಿಗೆ ಇದೇ ಗುಳಿಗೆ ರಕ್ಷಣೆಯೆಂದೂ ಅದೇ ಉಸಿರಿನಲ್ಲಿ ಹೇಳಿತು. ಮೊದಲರ್ಧವನ್ನು ಮಾತ್ರ ಕೇಳಿದವಳು ಹೆದರಿ ಬೇಡದ ಬಸಿರಿಗೆ ಗುರಿಯಾಗುತ್ತಾಳೆ. ಎರಡನೆಯ ಅರ್ಧವನ್ನು ಮಾತ್ರ ಕೇಳಿದವಳು ತಪಾಸಣೆಯನ್ನು ಮರೆಯುತ್ತಾಳೆ.

ಭಾರತದ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರಿನ ನಂತರ ಹೆಚ್ಚಾಗಿ ಕಾಣುವುದು ಗರ್ಭಕೋಶದ ಕೊರಳಿನ ಕ್ಯಾನ್ಸರೇ. ಆದುದರಿಂದ ಬಹುಕಾಲ ಗುಳಿಗೆ ತೆಗೆದುಕೊಳ್ಳುವವರು ಆ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳುವುದು ಲೇಸು. ಆರಂಭದಲ್ಲಿ ಕಂಡರೆ ಅದು ಗುಣವಾಗತಕ್ಕ ರೋಗ. ಸ್ತನದ ಕ್ಯಾನ್ಸರ್ ಇರುವವರು ಗುಳಿಗೆಯನ್ನು ಮುಟ್ಟಕೂಡದು. ತಾಯಿಗೋ ಅಕ್ಕತಂಗಿಯರಿಗೋ ಆ ರೋಗ ಬಂದಿದ್ದರೆ, ರಕ್ತ ಹೆಪ್ಪುಗಟ್ಟಿದ ಪೂರ್ವ ವೃತ್ತಾಂತವಿದ್ದರೆ, ವೈದ್ಯರಿಗೆ ಮೊದಲೇ ಹೇಳಬೇಕು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು, ನೆರೆಮನೆಯಾಕೆ ಕೊಟ್ಟ ಪೊಟ್ಟಣವನ್ನು ನುಂಗುವುದು ಬೇಡ. ಪೋರ್ಟೊರಿಕೊದ ಆ ಬಡ ತಾಯಂದಿರಿಗೆ ಕೇಳಲು ಅವಕಾಶವಿರಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದು ಉಂಟು, ಲೆಕ್ಕವೂ ಸಿದ್ಧವಾಗಿದೆ. ಅದನ್ನು ಕೇಳಿ ತಿಳಿದು ತೀರ್ಮಾನ ಮಾಡತಕ್ಕವರು ಅವರೇ.